ಒಂಟಿ ಕಾಲಿನ ತಪಾಸಣೆ

ನಮ್ಮ ಗಾರ್ಮೆಂಟ್ಸ್ ಗೇಟಿನಲ್ಲಿ ಹೆಂಗಸರನ್ನು ತಪಾಸಣೆ ಮಾಡುವವಳಿಗೆ ಎದುರಿಗೆ ಅಕ್ಕ ಎನ್ನುತ್ತೇವೆ, ಬೆನ್ನ ಹಿಂದೆ ಎಕ್ಸ್‌ರೇ. ಬ್ಯಾಗಿಗೆ ಕೈ ಹಾಕುವ ಮೊದಲೇ ಅವಳಿಗೆ ಅರ್ಧ ವಿಷಯ ಗೊತ್ತಾಗಿರುತ್ತದೆ. ಅವಳು ನೋಡುವುದು ನಡಿಗೆಯನ್ನು. ಸೊಂಟಕ್ಕೆ ಬಟ್ಟೆಯ ತುಂಡು ಸಿಕ್ಕಿಸಿಕೊಂಡವಳು ಒಂದು ಪಕ್ಕ ಬಿಗಿಹಿಡಿದು ನಡೆಯುತ್ತಾಳೆ, ಚಪ್ಪಲಿಯಲ್ಲಿ ಗುಂಡಿ ಬಚ್ಚಿಟ್ಟವಳು ಹಿಮ್ಮಡಿ ಊರುವುದಿಲ್ಲ, ಏನೂ ಇಲ್ಲದವಳು ಕಾಲೆಳೆದುಕೊಂಡು ಹೇಗೆಂದರೆ ಹಾಗೆ ಹೋಗುತ್ತಾಳೆ ಎನ್ನುವುದು ಅವಳ ಲೆಕ್ಕ. ಆ ಲೆಕ್ಕಕ್ಕೆ ಸಿಕ್ಕಿಬಿದ್ದವರನ್ನು ನಾನೂ ಕಂಡಿದ್ದೇನೆ. ಹಾಗೆಂದು ನನಗೆ ಅವಳ ಮೇಲೆ ಗೌರವವೇನೂ ಇರಲಿಲ್ಲ. ದಿನವಿಡೀ ಮೈಮುರಿದು ದುಡಿದು ಮನೆಗೆ ಹೊರಟವರನ್ನು ಕಳ್ಳರ ಹಾಗೆ ನೋಡುವುದೂ ಒಂದು ಕೆಲಸವೇ?

ಮನೆಯಲ್ಲೂ ಅವಳು ಹಾಗೇ ಅಂತೆ. ಗಂಡ ಬೇಗ ಬಂದರೆ ಯಾಕೆ ಬೇಗ, ತಡವಾಗಿ ಬಂದರೆ ಎಲ್ಲಿಗೆ ಹೋಗಿದ್ದಿರಿ. ಸರಿಯಾದ ಹೊತ್ತಿಗೆ ಬಂದರೆ ಇಡೀ ಸಂಜೆ ಅವನ ಮುಖವನ್ನೇ ನೋಡುತ್ತಾ ಕೂರುತ್ತಾಳೆ.

ನಾನು ಅವಳಿಗೆ ಹೆದರುವುದಕ್ಕೆ ಬೇರೆಯದೇ ಕಾರಣವಿತ್ತು. ನಾನು ಏನನ್ನೂ ಕದಿಯುತ್ತಿರಲಿಲ್ಲ, ಆದರೆ ಬಚ್ಚಿಡುತ್ತಿದ್ದೆ. ನಾನು ಕಾಲರ್ ಹೊಲಿಯುವವಳು. ಬಲಗಾಲು ಪೆಡಲಿನ ಮೇಲೆ, ಮೈಯೆಲ್ಲ ಎಡಕ್ಕೆ ವಾಲಿಸಿ ವರ್ಷಗಟ್ಟಲೆ ಕೂತು ಎಡ ಸೊಂಟದ ಪಕ್ಕದಲ್ಲಿ ನೋವು ಬಂದು ಕೂತಿತ್ತು. ಮೊದಮೊದಲು ಮೆಟ್ಟಿಲು ಹತ್ತುವಾಗ ಮಾತ್ರ, ಆಮೇಲೆ ಎದ್ದಾಗಲೆಲ್ಲ. ಬಾಯಿ ಬಿಡುವ ಹಾಗಿರಲಿಲ್ಲ. ಮೈಕೈ ನೋವು ಎಂದವರನ್ನು ನಮ್ಮ ಸೂಪರ್‌ವೈಸರ್ ಮಶಿನ್ನಿನಿಂದ ಎಬ್ಬಿಸಿ ನೂಲು ಕತ್ತರಿಸುವ ಮೇಜಿಗೆ ನಿಲ್ಲಿಸುತ್ತಿದ್ದ. ಅಲ್ಲಿ ಸಂಬಳವೂ ಕಡಿಮೆ, ಮರ್ಯಾದೆಯೂ ಕಡಿಮೆ. ಆ ಮೇಜಿಗೆ ಹೋದವರು ಮತ್ತೆ ಮಶಿನ್ನಿಗೆ ಬಂದದ್ದನ್ನು ನಾನಂತೂ ಕಾಣೆ. ಹಾಗಾಗಿ ಗೇಟು ಹತ್ತಿರ ಬಂದ ಕೂಡಲೇ ಹಲ್ಲುಕಚ್ಚಿ ನೆಟ್ಟಗೆ ನಡೆಯುತ್ತಿದ್ದೆ. ನನ್ನ ಮಶಿನ್ನು ಉಳಿಯುವುದು ಬಿಡುವುದು ಆ ನಾಲ್ಕು ಹೆಜ್ಜೆಯಲ್ಲಿದೆ ಅನ್ನಿಸುತ್ತಿತ್ತು.

ಹೀಗಿರುವಾಗ ಅಕ್ಕನೇ ಬಿದ್ದಳು. ಯಾರದೋ ಉಬ್ಬಿದ ಬ್ಯಾಗಿನ ಹಿಂದೆ ಓಡಿ, ಆಗಷ್ಟೇ ತೊಳೆದಿದ್ದ ನೆಲದ ಮೇಲೆ ಜಾರಿ, ಮಂಡಿ ತಿರುಚಿಕೊಂಡಳು. ಬ್ಯಾಗಿನಲ್ಲಿದ್ದದ್ದು ಕೊಡೆ. ನಾವು ಮುಖ ಆಚೆ ತಿರುಗಿಸಿ ನಕ್ಕೆವು. ಅವಳ ಜಾಗಕ್ಕೆ ಬಂದವಳು ಬ್ಯಾಗನ್ನು ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿ ಕಳಿಸುತ್ತಿದ್ದಳು. ನಾನು ನೆಮ್ಮದಿಯಾಗಿ ಕುಂಟಿದೆ.

ಆ ದಿನಗಳಲ್ಲಿ ಅಕ್ಕನಿಗೆ ಏನಾಯಿತು ಎನ್ನುವುದನ್ನು ಆಮೇಲೆ ಅವಳೇ ಹೇಳಿದಳು. ಮಂಡಿಯ ಪಟ್ಟಿ ಬಿಚ್ಚಿದ ಡಾಕ್ಟರು ಅವಳನ್ನು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಮೇಡಂ ಸೂಜಿ ಚುಚ್ಚಲಿಲ್ಲ, ಮಾತ್ರೆ ಕೊಡಲಿಲ್ಲ. ತೊಡೆ ಬಿಗಿ ಮಾಡಿ, ಕಾಲು ಎತ್ತಿ, ನಿಧಾನಕ್ಕೆ ಇಳಿಸಿ ಎಂದರು. ಕಾಲು ಎತ್ತು ಇಳಿಸು ಅನ್ನುವುದಕ್ಕೂ ಇಷ್ಟು ಓದಬೇಕೇ ಎಂದು ಅಕ್ಕನಿಗೆ ಮೊದಲ ಅನುಮಾನ. ಖರ್ಚು ಕಂಪನಿಯದು ಎಂದು ತಿಳಿದ ಮೇಲೆ ಅದು ಬೆಳೆದು ಮರವಾಯಿತು. ಈ ಮೇಡಂ ಕಂಪನಿಯ ಕಡೆಯವಳೇ ಇರಬೇಕು, ತಾನು ಇನ್ನು ಕೆಲಸಕ್ಕೆ ಬಾರದವಳು ಎಂದು ಹೇಳಿಸಿ ತನ್ನನ್ನು ಮನೆಗೆ ಕಳಿಸುವ ಹುನ್ನಾರ ಎಂದುಕೊಂಡು, ಕೇಳಿದ್ದಕ್ಕೆಲ್ಲ ನೋವಿಲ್ಲ ನೋವಿಲ್ಲ ಎಂದಳಂತೆ.

ಮೇಡಂ ವಾದ ಮಾಡಲಿಲ್ಲ. "ಬಾಗಿಲ ತನಕ ಹೋಗಿ ಬನ್ನಿ" ಎಂದರು. ಅಕ್ಕ ಹೋಗಿ ಬಂದಳು.

"ನೋವಿಲ್ಲ ಅಂತೀರ. ಆದ್ರೆ ಆ ಕಾಲ ಮೇಲೆ ಭಾರಾನೇ ಹಾಕ್ತಿಲ್ವಲ್ಲ. ಇನ್ನೊಂದು ಕಾಲು ಎರಡರ ಕೆಲಸಾನೂ ಮಾಡ್ತಿದೆ. ಹೀಗೇ ಬಿಟ್ರೆ ಮುಂದೆ ಅದೂ ಕೈಕೊಡುತ್ತೆ."

 ಜೀವಮಾನವೆಲ್ಲ ಊರವರ ನಡಿಗೆ ಓದಿದವಳನ್ನು ಮೊದಲ ಬಾರಿಗೆ ಇನ್ನೊಬ್ಬರು ಓದಿದ್ದರು. ಅವಳಿಗೆ ಅವಮಾನವಾಯಿತು, ಸಿಟ್ಟೂ ಬಂತು. ಆದರೂ ಮರುದಿನ ಹೋದಳು, ಈ ಹೆಂಗಸಿಗೆ ಹೇಗೆ ಗೊತ್ತಾಯಿತು ಎಂದು ಪತ್ತೆ ಮಾಡಲಿಕ್ಕೆ. ತನ್ನ ಸರದಿ ಮುಗಿದ ಮೇಲೂ ಬೆಂಚಿನ ಮೇಲೆ ಕೂತು, ಮೇಡಂ ಬೇರೆಯವರನ್ನು ನಡೆಸಿ, ಒಂಟಿ ಕಾಲಲ್ಲಿ ನಿಲ್ಲಿಸಿ ಪರೀಕ್ಷಿಸುವುದನ್ನು ನೋಡುತ್ತಿದ್ದಳಂತೆ. ಮೆಟ್ಟಿಲು ಇಳಿಯಲು ಹೆದರುತ್ತಿದ್ದ ಮುದುಕರೊಬ್ಬರು ದಿನದಿನಕ್ಕೆ ಕಂಬಿ ಬಿಟ್ಟು ಇಳಿಯತೊಡಗಿದ್ದನ್ನು ಕಂಡು, ಇವರು ಮೊದಲು ನಾಟಕ ಮಾಡುತ್ತಿದ್ದರೇನೋ ಎಂದುಕೊಂಡಳಂತೆ. ತನ್ನ ಮಂಡಿಯೇ ಮಡಚತೊಡಗಿದ ಮೇಲೆ ಆ ಮಾತು ಬಿಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಗೇಟಿಗೆ ವಾಪಸಾದಳು. ನಾನು ಮೈಮರೆತು ಕುಂಟುತ್ತಲೇ ಹೊರಟಿದ್ದೆ.

"ಏನೇ ಕಾಲರ್, ನಿಲ್ಲೇ. ಏನು ಬಚ್ಚಿಟ್ಕೊಂಡಿದ್ದೀಯ?"

ಬ್ಯಾಗು ಎದೆಗವಚಿಕೊಂಡು ನಿಂತೆ. ಪರದೆ ಕಟ್ಟಿದ ಪುಟ್ಟ ಕೋಣೆಯೊಳಗೆ ಕರೆದುಕೊಂಡು ಹೋದಳು. ಬ್ಯಾಗು ಮುಟ್ಟಲಿಲ್ಲ, ಸೊಂಟ ತಡವಲಿಲ್ಲ.

"ಎಡಗಾಲ ಮೇಲೆ ನಿಲ್ಲು. ಒಂದೇ ಕಾಲು."

"ಯಾಕಕ್ಕ?"

"ನಿಲ್ಲು ಅಂದ್ನಲ್ಲ."

ನಿಂತೆ. ಸೊಂಟದ ಬಲಭಾಗ ಜಗ್ಗಿ ಕೆಳಗೆ ಇಳಿಯಿತು, ಮೈ ವಾಲಿತು, ಗೋಡೆ ಹಿಡಿದುಕೊಂಡೆ. ಅಕ್ಕ ಸಿಕ್ಕಿತು ಎನ್ನುವ ಮುಖ ಮಾಡಿದಳು. ನನ್ನ ಮಶಿನ್ನು ಹೋಯಿತು ಎಂದು ನನಗೆ ಅಳುವೇ ಬಂತು.

"ಅಕ್ಕ, ನಿಮ್ಮ ದಮ್ಮಯ್ಯ, ಸೂಪರ್‌ವೈಸರ್‌ಗೆ ಹೇಳ್ಬೇಡಿ."

"ನಾನು ಯಾರಿಗೂ ಏನೂ ಹೇಳೋಳಲ್ಲ. ಭಾನುವಾರ ನನ್ನ ಜೊತೆ ಬಾ. ಕಣ್ಣಿಗೆ ಕಂಡಿದ್ದು ನಾನು ಹೇಳ್ತೀನಿ, ಏನು ಮಾಡ್ಬೇಕು ಅಂತ ನನ್ನ ಮಂಡಿ ಸರಿ ಮಾಡಿದ ಮೇಡಂ ಹೇಳಲಿ."

ನಾನು ನಂಬಲಿಲ್ಲ. ಎಕ್ಸ್‌ರೇ ಒಳ್ಳೆಯದು ಮಾಡುತ್ತಾಳೆ ಎಂದರೆ ಅದರ ಹಿಂದೆ ಏನೋ ಇದ್ದೇ ಇದೆ. ಆದರೂ ಹೋದೆ, ನೋವು ಅಷ್ಟಿತ್ತು. ಮೇಡಂ ಅಲ್ಲಲ್ಲಿ ಒತ್ತಿ, ಬಗ್ಗಿಸಿ, ತಿರುಗಿಸಿ ನೋಡಿದರು. ಮೂಳೆಗೆ ಏನೂ ಆಗಿಲ್ಲ, ಸೊಂಟದ ಪಕ್ಕದ ಸ್ನಾಯುಗಳು ಓರೆಯಾಗಿ ಕೂತೂ ಕೂತೂ ಸೋತಿವೆ, ಅವಕ್ಕೆ ಮತ್ತೆ ಕೆಲಸ ಕಲಿಸಬೇಕು ಎಂದರು. ಮಲಗಿ ಕಾಲು ಎತ್ತುವುದು, ಕೈ ಊರದೆ ಸ್ಟೂಲಿನಿಂದ ಏಳುವುದು, ಒಂಟಿ ಕಾಲಲ್ಲಿ ನಿಲ್ಲುವುದು ತೋರಿಸಿಕೊಟ್ಟರು. ಕೂರುವ ಸ್ಟೂಲು ಎತ್ತರ ಮಾಡಿಸಿಕೊಳ್ಳಿ, ನಡುನಡುವೆ ಎದ್ದು ಓಡಾಡಿ ಎಂದರು. ನೋವು ಹೋಯಿತು ಅಂತ ಬಿಡಬೇಡಿ, ಬಿಟ್ಟರೆ ಮತ್ತೆ ಬರುತ್ತದೆ ಎಂದೂ ಹೇಳಿದರು.

"ಮನೇಲಿ ಮಾಡ್ತೀನಿ" ಎಂದೆ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಮಾಡ್ತೀಯ ಅಂತ ನಾನು ನಂಬಲ್ಲ. ದಿನಾ ಸಂಜೆ ಕೋಣೆಗೆ ಬಾ, ನನ್ನ ಕಣ್ಣೆದುರಿಗೆ ಮಾಡು."

ಹೀಗೆ ಶುರುವಾಯಿತು. ದಿನಾ ಸಂಜೆ ಸಾಲಿನಿಂದ ನನ್ನೊಬ್ಬಳನ್ನೇ ಒಳಗೆ ಕರೆಯುತ್ತಿದ್ದಳು. ನಾನು ಏಳುತ್ತಾ ಕೂರುತ್ತಾ ಇದ್ದರೆ ಪರದೆಯಾಚೆ ನಿಂತು ಉಳಿದವರ ಬ್ಯಾಗು ನೋಡುತ್ತಾ, "ಕೈ ಊರಬೇಡ, ನನಗೆ ಸದ್ದು ಕೇಳುತ್ತೆ" ಎಂದು ಪಿಸುಗುಡುತ್ತಿದ್ದಳು. ಕೆಲವು ವಾರಗಳಲ್ಲೇ ಮೆಟ್ಟಿಲು ನನಗೆ ಮೆಟ್ಟಿಲಿನ ಹಾಗೆ ಕಾಣತೊಡಗಿತು. ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುವುದು ನಿಂತಿತು. ಖುಷಿಯಾಗಿದ್ದೆ, ಸುಳ್ಳೇಕೆ.

ಆದರೆ ಜನ ಸುಮ್ಮನಿರುತ್ತಾರೆಯೇ? ಎಕ್ಸ್‌ರೇ ಒಬ್ಬಳನ್ನೇ ದಿನಾ ಒಳಗೆ ಕರೆಯುತ್ತಾಳೆ ಎಂದರೆ ಬೆಂಕಿಯಿಲ್ಲದೆ ಹೊಗೆಯೇ ಎಂದು ಗುಸುಗುಸು ಎದ್ದಿತು. ನನ್ನ ಪಕ್ಕದ ಮಶಿನ್ನಿನಲ್ಲಿ ಜೇಬು ಹೊಲಿಯುವವಳು, ಅವಳ ಹೆಸರೇ ನಮಗೆ ಜೇಬು, ತನ್ನ ಟಿಫಿನ್ ಬ್ಯಾಗನ್ನು ನನ್ನ ಕಡೆಯಿಂದ ಎತ್ತಿ ಆ ಕಡೆಗೆ ಇಟ್ಟುಕೊಂಡಳು. ಎಷ್ಟೋ ವರ್ಷ ಒಂದೇ ಡಬ್ಬಿಯಲ್ಲಿ ಹಂಚಿಕೊಂಡು ತಿಂದವಳು.  ಅಕ್ಕನ ಮೇಲೂ ನನಗೆ ಅನುಮಾನ ಬಂತು, ಬೇಕಂತಲೇ ಹೀಗೆ ಮಾಡಿದಳೇನೋ ಎಂದು.

ಸುದ್ದಿ ಸೂಪರ್‌ವೈಸರನ ಕಿವಿಗೂ ಬಿತ್ತು. ಒಂದು ಸಂಜೆ ಅವನೇ ಗೇಟಿಗೆ ಬಂದು ನಿಂತ. ಸಾಲು ಸಾಲೇ ಕಿವಿ ನಿಮಿರಿಸಿತು.

"ಇವಳ ಹತ್ರ ಏನು ಸಿಕ್ಕಿದೆ?"

"ಏನೂ ಸಿಕ್ಕಿಲ್ಲ ಸರ್" ಎಂದಳು ಅಕ್ಕ.

"ಮತ್ತೆ ದಿನಾ ಒಳಗೆ ಕರೀತೀರಂತೆ?"

ಅಕ್ಕ ನನ್ನ ಕಡೆ ನೋಡಿದಳು. ನಿಜ ಹೇಳಿದರೆ ನನ್ನನ್ನು ಮೇಜಿಗೆ ಹಾಕುತ್ತಾರೆ ಎಂದು ಅವಳಿಗೂ ಗೊತ್ತಿತ್ತು. "ಸುಮ್ನೆ ಅನುಮಾನ ಸರ್. ನನ್ನ ಬುದ್ಧಿ ನಿಮಗೆ ಗೊತ್ತಲ್ಲ."

"ಅನುಮಾನ ಇರೋರು ನನ್ನ ಲೈನಲ್ಲಿ ಬೇಡ. ನಾಳೆಯಿಂದ ಇವಳು ಮೇಜಿಗೆ."

ನೋವೆಂದರೂ ಮೇಜು, ಕಳ್ಳಿ ಎಂದರೂ ಮೇಜು. ನನಗೆ ತಲೆ ಕೆಟ್ಟಿತು. ಹೋಗುವುದಾದರೆ ನೋವಿನವಳಾಗಿ ಹೋಗುತ್ತೇನೆ, ಕಳ್ಳಿಯಾಗಿ ಹೋಗುವುದಿಲ್ಲ. ಬ್ಯಾಗು ನೆಲಕ್ಕಿಟ್ಟು, ಎಲ್ಲರ ಮುಂದೆ ಬಲಗಾಲು ಎತ್ತಿ, ಎಡಗಾಲ ಮೇಲೆ ನಿಂತೆ.

"ನೋಡಿ, ಒಳಗೆ ಇದನ್ನೇ ಮಾಡ್ತಿದ್ದಿದ್ದು. ಸೊಂಟ ಬಿದ್ದುಹೋಗಿತ್ತು. ವ್ಯಾಯಾಮ ಮಾಡಿ ಈಗ ಎದ್ದಿದೆ. ಕದ್ದಿದ್ದೇನಾದ್ರೂ ಇದ್ರೆ ಈಗಲೇ ಉದುರಲಿ!"

ಏನೂ ಉದುರಲಿಲ್ಲ. ಸೊಂಟವೂ ಜಗ್ಗಲಿಲ್ಲ.

ಜೇಬು ನನ್ನನ್ನೇ ನೋಡುತ್ತಿದ್ದಳು. ನಂಬಿಕೆ ಬಂದಂತಿರಲಿಲ್ಲ. ಇದೇನು ಮಹಾ ಎನ್ನುವ ಹಾಗೆ ತಾನೂ ಬ್ಯಾಗು ಇಳಿಸಿ ಒಂದು ಕಾಲೆತ್ತಿದಳು. ಎತ್ತಿದವಳೇ ವಾಲಿ ಮುಂದಿನವಳ ಹೆಗಲು ಹಿಡಿದುಕೊಂಡಳು. ಹೆಗಲು ಕೊಟ್ಟವಳು ನಗುತ್ತಾ ತಾನೂ ಎತ್ತಿ ನೋಡಿದಳು, ಅವಳ ನಗುವೂ ನಿಂತಿತು. ಸಾಲಿನ ಹಿಂದಿನ ತನಕ ಒಬ್ಬೊಬ್ಬರಾಗಿ ಕಾಲೆತ್ತತೊಡಗಿದರು. ಗೋಡೆ ಹಿಡಿದವರು, ಪಕ್ಕದವಳ ಸೆರಗು ಹಿಡಿದವರು, ಅಮ್ಮಾ ಎಂದವರು. ಎಲ್ಲರೂ ನನ್ನ ಹಾಗೇ ಬಚ್ಚಿಟ್ಟಿದ್ದರು! ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ.

ಅಕ್ಕ ತನ್ನ ಹಳೆಯ ಕಣ್ಣಿನಿಂದಲೇ ಸಾಲನ್ನು ನೋಡಿಕೊಂಡು ಹೋದಳು. "ನಿನಗೆ ಎಡ. ನಿನಗೂ ಎಡ. ನಿನಗೆ ಮಂಡಿ. ನೀನು ಎರಡೂ ಕಡೆ ಹಾಳು ಮಾಡ್ಕೊಂಡಿದ್ದೀಯ, ಭಾನುವಾರ ಬಾ."

"ಏನ್ರೀ ಇದು ನಾಟಕ? ಎಲ್ಲಾ ಸೇರ್ಕೊಂಡು ಮಾಡ್ತಿದ್ದೀರಾ?" ಸೂಪರ್‌ವೈಸರನ ದನಿಯಲ್ಲೂ ಈಗ ಅನುಮಾನವಿತ್ತು.

"ನಾಟಕ ಅಂದ್ರೆ ನೀವೇ ಒಂದ್ಸಲ ನಿಂತು ನೋಡಿ ಸರ್" ಎಂದಳು ಅಕ್ಕ. "ನೀವು ನಿಂತುಬಿಟ್ರೆ ನಮ್ಮನ್ನೆಲ್ಲ ಮೇಜಿಗೆ ಹಾಕಿ."

ಇಷ್ಟು ಹೆಂಗಸರು ನೋಡುತ್ತಿರುವಾಗ ಅವನು ಹಿಂದೆ ಸರಿಯುವ ಹಾಗಿರಲಿಲ್ಲ. ಪ್ಯಾಂಟು ಮೇಲೆಳೆದುಕೊಂಡು, ಒಂದು ಕೈಯಲ್ಲಿ ಗೇಟಿನ ಸರಳು ಹಿಡಿದು, ಕಾಲನ್ನು ಅರ್ಧ ಗೇಣು ಎತ್ತಿದ.

"ಕೈ ಬಿಡಿ ಸರ್" ಎಂದಳು ಎಕ್ಸ್‌ರೇ.