ಆಮದನ್ ಕ್ರಿಯಾಪದ ಮತ್ತು ಒಂದು ತೊಗರಿಕಡ್ಡಿ

“ಫಾರ್ಸಿ ಮಾಸ್ತರ ಹೊಡೆದ ಏಟಿಗೆ ಆ ಹುಡುಗನ ಕಣ್ಣು ಹೋಯಿತು. ಪಾಪ, ಅವನಿಗೆ ಕ್ರಿಯಾಪದ ತಲೆಗೆ ಹತ್ತುತ್ತಿರಲಿಲ್ಲ.” ಜೇವರ್ಗಿ ಸೀಮೆಯಲ್ಲಿ ನನ್ನ ವಯಸ್ಸಿನವರು ಹೇಳುತ್ತ ಬಂದ ಕಥೆಯಿದು. ನಿಜಾಮನ ಆಡಳಿತ ಹೋದ ಮೇಲೆ ಭಾಷಣಗಳಲ್ಲಿಯೂ ಸೇರಿಕೊಂಡಿತು. ಇದರಲ್ಲಿ ಕಣ್ಣು ಹೋದದ್ದೊಂದೇ ನಿಜ.

ನಲವತ್ತರ ದಶಕದ ಮೊದಲ ವರ್ಷಗಳವು. ಸರ್ಕಾರಿ ಶಾಲೆಯನ್ನು ನಾವು ಮದರಸಾ ಎನ್ನುತ್ತಿದ್ದೆವು. ಪಾಠವೆಲ್ಲ ಉರ್ದುವಿನಲ್ಲಿ, ಮಧ್ಯಾಹ್ನ ಮಾತ್ರ ಫಾರ್ಸಿ. ಫಾರ್ಸಿ ಎಂದರೆ ಗರ್ದಾನ್, ಅಂದರೆ ಒಂದು ಕ್ರಿಯಾಪದವನ್ನು ಆರು ರೂಪಗಳಲ್ಲಿ ತಿರುಗಿಸಿ ಹೇಳುವುದು. ಆಮದನ್ ಎಂದರೆ ಬರುವುದು. ಆಮದ್, ಆಮದಂದ್, ಆಮದೀ, ಆಮದೀದ್, ಆಮದಮ್, ಆಮದೀಮ್. ಅವನು ಬಂದನು, ಅವರು ಬಂದರು, ನೀನು ಬಂದಿ, ನೀವು ಬಂದಿರಿ, ನಾನು ಬಂದೆನು, ನಾವು ಬಂದೆವು. ಎಷ್ಟೋ ವರ್ಷಗಳ ಮೇಲೆ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕ ಲ್ಯಾಟಿನ್ ವ್ಯಾಕರಣವನ್ನು ಒಬ್ಬನೇ ಕುಳಿತು ಕಲಿತೆ. ಅಲ್ಲಿ ವೆನೀರೆ ಎಂದರೆ ಬರುವುದು, ಅದಕ್ಕೂ ಆರೇ ರೂಪ. ಕಪಾಳಕ್ಕೆ ಏಟು ಬೀಳದೆಯೂ ಕ್ರಿಯಾಪದ ಬಾಯಿಗೆ ಬರುತ್ತದೆಂದು ಆಗ ತಿಳಿಯಿತು.

ಮಾಸ್ತರರು ತಮ್ಮ ಕೈಯಿಂದ ಯಾರಿಗೂ ಹೊಡೆದವರಲ್ಲ. ಅವರ ಪದ್ಧತಿ ಅದಕ್ಕಿಂತ ಕೆಟ್ಟದ್ದು. ತಪ್ಪಿದವನ ಕಪಾಳಕ್ಕೆ, ಸರಿಯಾಗಿ ಹೇಳಿದವನು ಹೊಡೆಯಬೇಕು. ಮೆತ್ತಗೆ ಹೊಡೆದರೆ ಹೊಡೆದವನಿಗೇ ಇನ್ನೊಬ್ಬನಿಂದ ಎರಡು. ಅವರು ನಶ್ಯ ಏರಿಸುತ್ತ ನೋಡುತ್ತಿದ್ದರು.

ಊರ ಹೊರಗಿನ ಕೇರಿಯಿಂದ ಬರುತ್ತಿದ್ದ ಹುಡುಗ ಒಬ್ಬನೇ. ಅವನು ಹೊಸ್ತಿಲಿನ ಹೊರಗೆ ನಿಂತು ಕಲಿಯುತ್ತಿದ್ದ. ಅವನು ತಪ್ಪಿದರೆ ಮುಟ್ಟದೆ ಹೊಡೆಯಲು ನಾವು ಒಣಗಿದ ತೊಗರಿಕಡ್ಡಿಯೊಂದನ್ನು ಬಾಗಿಲ ಮೂಲೆಯಲ್ಲಿ ಇಟ್ಟಿದ್ದೆವು. ಅವನು ಸರಿಯಾಗಿ ಹೇಳಿ ನಾವು ತಪ್ಪಿದರೆ, ಆ ಏಟು ಮಾಫಿ. ಈ ಏರ್ಪಾಡು ನಮ್ಮ ಅಪ್ಪಂದಿರು ಮಾಸ್ತರರಿಗೆ ಹೇಳಿ ಮಾಡಿಸಿದ್ದು. ಕಡ್ಡಿ ತೀರ ಕಡಿಮೆ ಬಳಕೆಯಾಗುತ್ತಿತ್ತು, ಏಕೆಂದರೆ ಅವನು ತಪ್ಪುತ್ತಿದ್ದದ್ದೇ ಅಪರೂಪ.

ಒಂದು ದಿನ ಆಮದನ್ ಹೇಳಲಾಗದೆ ನಾವು ಐವರು ಸಾಲಾಗಿ ತಪ್ಪಿದೆವು. ಅವನು ಹೊರಗಿನಿಂದ ಆರೂ ರೂಪಗಳನ್ನು ಅರ್ಥಸಹಿತ ಹೇಳಿಬಿಟ್ಟ. ಮಾಸ್ತರರು ನಕ್ಕರು.

“ಐದು ಏಟು ಇವನ ಹಕ್ಕು ಅದ. ಆ ಕಡ್ಡಿ ಕೊಡ್ರಿ ಇವನ ಕೈಯಾಗ. ಕಡ್ಡಿಗಿ ಮೈಲಿಗಿ ಇಲ್ಲಂತ ನೀವೇ ಹೇಳೀರಲ್ಲ?”

ಸಾಲಿನಲ್ಲಿ ಮೊದಲಿಗೆ ನಾನಿದ್ದೆ, ಊರ ಗೌಡರ ಮಗ. ಹುಡುಗ ಕಡ್ಡಿ ಹಿಡಿದು ಸುಮ್ಮನೆ ನಿಂತ. ಮಾಸ್ತರರು ಗದರಿದ ಮೇಲೆ ಅದರ ತುದಿಯನ್ನು ನನ್ನ ಕೆನ್ನೆಗೆ ಸೋಕಿಸಿ, “ಆತ್ರೀ ಗೌಡ್ರ, ಮುಗೀತು,” ಎಂದು ಮೆಲ್ಲಗೆ ಹೇಳಿದ.

ಹಿಂದಿನಿಂದ ಒಬ್ಬ ಕೂಗಿದ: “ಏ ಗೌಡಾ, ನಿನ್ನ ಕೆನ್ನಿ ಮ್ಯಾಲಿನ ನೊಣ ಹೊಡದಾನ ನೋಡಲೇ!”

ಇಡೀ ತರಗತಿ ನಕ್ಕಿತು. ಜೋರಾಗಿ ಹೊಡೆದಿದ್ದರೆ ನಾನು ಸಹಿಸುತ್ತಿದ್ದೆನೋ ಏನೋ. ಅವನು ಕರುಣೆ ತೋರಿಸಿದ್ದ. ಕಡ್ಡಿಯನ್ನು ಕಸಿದುಕೊಂಡು ಅವನ ಮುಖಕ್ಕೆ ತಿವಿದೆ. ತುದಿ ಸೀಳಿತ್ತು. ಅದು ಬಲಗಣ್ಣಿಗೆ ಹೋಯಿತು. ಅವನು ಹೊಸ್ತಿಲಿನ ಹೊರಗೇ ಕುಸಿದು ಕುಳಿತ. ಎತ್ತಲು ಯಾರೂ ಹೋಗಲಿಲ್ಲ. ಎತ್ತಬೇಕಾದರೆ ಮುಟ್ಟಬೇಕಿತ್ತು.

ಸಂಜೆ ನಮ್ಮ ಅಪ್ಪ ಶಾಲೆಗೆ ಬಂದು ಮಾಸ್ತರರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. “ಅವನ ಕೈಯಾಗ ಕಡ್ಡಿ ಕೊಟ್ಟೀರಂತಲ್ರೀ. ನನ್ನ ಮಗನ ಮಾರಿ ಮುಂದ?” ಕಣ್ಣಿನ ಮಾತು ಬರಲೇ ಇಲ್ಲ. ತಿಂಗಳೊಳಗೆ ಮಾಸ್ತರರನ್ನು ಆಳಂದಕ್ಕೆ ವರ್ಗ ಮಾಡಿದರು. ಮುಂದೆ ಜನ ಕುರುಡು ಕಣ್ಣನ್ನೂ ವರ್ಗವನ್ನೂ ಜೋಡಿಸಿ ತಮಗೆ ಬೇಕಾದ ಕಥೆ ಕಟ್ಟಿಕೊಂಡರು. ಕಟ್ಟುವಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ. ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಬಾರದವನನ್ನು ದಡ್ಡನೆನ್ನುವುದು ಸುಲಭವಾಯಿತು.

ಇದನ್ನು ಬರೆಯುವ ಮುನ್ನ ಹೋಗಿ ಆ ಹುಡುಗನನ್ನು ಕಂಡೆ, ಈಗ ಅವರೂ ನನ್ನಂತೆ ಮುದುಕರು. ಹೊಲದ ಕೂಲಿಯಲ್ಲಿ ಬದುಕು ಕಳೆದವರು. ಮೊಮ್ಮಗಳು ಈಗ ಶಾಲಾ ಶಿಕ್ಷಕಿ. ನಾನು ಬಂದ ಕಾರಣ ಕೇಳಿ ಬಹಳ ಹೊತ್ತು ನಕ್ಕರು.

“ಇಷ್ಟು ವರ್ಷ ಮಾಸ್ತರ ಹೆಸರ ಮ್ಯಾಲ ಮಂದಿ ನನಗ ಚಾ ಕುಡಿಸ್ಯಾರ್ರೀ ಗೌಡ್ರ. ಇನ್ನ ನಿಮ್ಮ ಹೆಸರ ಹೇಳಿದ್ರ ಯಾರ ಕುಡಿಸ್ತಾರ?”

“ಹಂಗಾದ್ರ ಬರೀಬ್ಯಾಡೇನ್ರಿ?” ಎಂದೆ.

ನಗು ನಿಂತಿತು. “ಬರೀರಿ. ಕಣ್ಣಿಂದು ಆಮ್ಯಾಲ ಬರೀರಿ. ನಾ ದಡ್ಡ ಇದ್ದಿದ್ದಿಲ್ಲಂತ ಮೊದಲ ಬರೀರಿ.”

ಕ್ಷಮೆ ಕೇಳಲೆಂದು ಬಾಯಿ ತೆರೆದೆ. ಅವರು ಮೊಮ್ಮಗಳನ್ನು ಕರೆದು, ಗೌಡರಿಗೆ ಹೊತ್ತಾಯಿತೆಂದರು.

ನನ್ನ ಮಾತನ್ನು ನಂಬಬೇಕಿಲ್ಲ. ಅವರು ಕೊಳಕೂರದಲ್ಲಿದ್ದಾರೆ, ನೆನಪು ನನ್ನದಕ್ಕಿಂತ ಚೊಕ್ಕಟವಾಗಿದೆ. ಹೋದವರು ಅವರ ಎಡಗಡೆ ಕುಳಿತು ಕೇಳಬೇಕು. ಬಲಗಡೆ ಕುಳಿತವರು ಅವರಿಗೆ ಕಾಣುವುದಿಲ್ಲ.