ಕೊನೆಯ ಅಧ್ಯಾಯ ಬೇಡ ಅಂದರು ಸರೋಜಕ್ಕ

ಹೋದ ಮಂಗಳವಾರ ನಾನು ಒಂದು ಪುಸ್ತಕವನ್ನು ಮುಗಿಸದೆ ಬಿಟ್ಟೆ. ಉಳಿದಿದ್ದದ್ದು ಒಂದೇ ಅಧ್ಯಾಯ.

ಈ ಅಂಕಣದಲ್ಲಿ ನನ್ನನ್ನು ವಾರವಾರವೂ ಸಹಿಸಿಕೊಳ್ಳುವ ನಿಮಗೆ ಗೊತ್ತು, ನಾನು ಆ ಪೈಕಿಯವಳಲ್ಲ. ಎಷ್ಟೇ ಬೋರ್ ಹೊಡೆಸಲಿ, ಕೊನೆಯ ಪುಟ ನೋಡದೆ ಪುಸ್ತಕ ಕೆಳಗಿಟ್ಟವಳಲ್ಲ. (ನಮ್ಮ ಯಜಮಾನರು ಇದನ್ನು ಹಟ ಅನ್ನುತ್ತಾರೆ. ಇರಬಹುದು.) ಹಾಗಿದ್ದರೆ ಈ ಸಲ ಏನಾಯಿತು?

ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆ ಸರೋಜಕ್ಕನದು. ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದವರು. ಶುಗರ್ ಜಾಸ್ತಿಯಾಗಿ ಈಗ ಎರಡೂ ಕಣ್ಣು ಕಾಣುವುದಿಲ್ಲ. ಸೊಸೆ ಪುಷ್ಪ ಬೆಳಿಗ್ಗೆಯೇ ಹಾಸನದ ಗಾರ್ಮೆಂಟ್ಸ್‌ಗೆ ಹೊರಟುಬಿಡುತ್ತಾಳೆ. ಆಮೇಲೆ ಸರೋಜಕ್ಕ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಪುಷ್ಪನ ದನಿಗೆ, ನನ್ನ ದನಿಗೆ ಬಿಟ್ಟು ಬೇರೆ ಯಾರಿಗೂ ಬಾಗಿಲು ತೆಗೆಯುವುದಿಲ್ಲ.

ನಾನೂ ಹಾಸನದಲ್ಲೇ ಕಾಲೇಜಿನಲ್ಲಿ ಪಾಠ ಹೇಳುವವಳು. ಸಂಜೆ ಬಸ್ಸಿಳಿದು ಬಂದು, ಕಾಫಿ ಕುಡಿದು, ಸರೋಜಕ್ಕನಿಗೆ ಒಂದು ಅಧ್ಯಾಯ ಓದಿ ಹೇಳುವುದು ಈಚೆಗೆ ಅಭ್ಯಾಸವಾಗಿತ್ತು. ಪುಸ್ತಕ ಸಿಕ್ಕಿದ್ದು ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ, ಹಳೇ ಪುಸ್ತಕ ಮಾರುವವನ ಬಳಿ. ರಟ್ಟು ಕಿತ್ತುಹೋಗಿ ಹೆಸರೇ ಇರಲಿಲ್ಲ. ಗೌರಿ ಎಂಬ ಹೆಂಗಸಿನ ಕಥೆ. ನಾನೂ ಮೊದಲ ಸಲ ಓದುತ್ತಿದ್ದೆ.

ಒಂದು ಸಂಜೆ ಪುಸ್ತಕ ತೆರೆದು ಶುರುಮಾಡಿದರೆ ಸರೋಜಕ್ಕ ಕೈ ಅಡ್ಡ ಹಿಡಿದರು.

"ಇದ್ನ ಆಗ್ಲೇ ಓದಿದ್ಯಲ್ಲವ್ವ."

"ಇಲ್ಲ ಸರೋಜಕ್ಕ. ನಿನ್ನೆ ಗೌರಿ ಎಮ್ಮೆ ಮಾರಿದಲ್ಲಿಗೆ ನಿಲ್ಲಿಸಿದ್ವಿ."

"ಅದು ನಿನ್ನೆ ಸಂಜೆ. ಇವತ್ತು ಮದ್ಯಾನ ಬಂದು ಮುಂದಿಂದು ಓದ್ದ್ಯಲ್ಲ. ಅರಿಗೋಲು ನಡೆಸೋನೇ ಅವ್ಳ ಕಾಣೆಯಾಗಿದ್ದ ಅಣ್ಣ. ಒಳೆ ಮಧ್ಯಕ್ಕೆ ಬಂದ್ಮೇಲೆ ಅವ್ಳ ಎಸ್ರಿಡ್ದು ಕೂಗ್ತಾನೆ. ಅಷ್ಟ್ ಬೇಗ ಮರ್ತ್ಬುಟ್ಯಾ?"

ಮಧ್ಯಾಹ್ನ ನಾನು ಕ್ಲಾಸಿನಲ್ಲಿದ್ದೆ. ಪುಸ್ತಕ ನನ್ನ ಬ್ಯಾಗಿನಲ್ಲಿತ್ತು. ಆ ಅಧ್ಯಾಯವನ್ನು ಮನಸ್ಸಿನಲ್ಲೇ ಓದಿದೆ. ಹೊಳೆ ಬಂತು. ಹರಿಗೋಲು ಬಂತು. ನಡುನೀರಿನಲ್ಲಿ ಹರಿಗೋಲಿನವನು "ಗೌರೀ" ಅಂದ.

ಮಾರನೇ ದಿನ ಬಸ್ಸಿನಲ್ಲಿ ಪುಷ್ಪನನ್ನು ಕೇಳಿದೆ. ನಿಮ್ಮತ್ತೆ ಈ ಪುಸ್ತಕ ಹಿಂದೆ ಯಾವಾಗಲಾದರೂ ಓದಿದ್ದರಾ?

"ಅತ್ತೆಗೆ ಓದಕ್ಕೆ ಬರಕ್ಕಿಲ್ಲ ಅಕ್ಕ. ಅವ್ರ ತಂಗಿ ಜಯತ್ತೆ ಓದಿ ಏಳೋರು. ಇವ್ರು ಮಿಷನ್ ತುಳೀತಿದ್ರೆ ಅವ್ರು ಪಕ್ಕದಲ್ಲೇ ಕುಂತು ಕತೆ ಪುಸ್ತಕ ಓದೋರು."

ಜಯಮ್ಮ ಅದೇ ಮನೆಯಲ್ಲಿದ್ದವರು. ಹೋದ ವರ್ಷ ತೀರಿಕೊಂಡರು. ಅಲ್ಲಿಗೆ ಸರಿಹೋಯಿತು ಅಂದುಕೊಂಡೆ. ತಂಗಿ ಯಾವತ್ತೋ ಓದಿ ಹೇಳಿದ್ದ ಕಥೆ. ವಯಸ್ಸಾದವರಿಗೆ ಅಂದಿನದು ಇಂದಿನದು ಕಲಸಿಹೋಗುವುದು ಸಹಜ ತಾನೇ? ಆದರೆ ಪುಷ್ಪ ಕಿಟಕಿಯಾಚೆ ನೋಡುತ್ತಾ ಇನ್ನೊಂದು ಮಾತು ಹೇಳಿದಳು.

"ಅಡುಗೆ ಮನೇಲಿಟ್ಟು ಬಂದಿರೋ ಕುರ್ಚಿ ಸಂಜೆ ನಾನ್ ಮನೆಗ್ ಓಗೋ ಒತ್ಗೆ ದಿನಾ ಅತ್ತೆ ಮಂಚದ್ ಪಕ್ಕ ಇರ್ತದೆ ಅಕ್ಕ. ಅತ್ತೆನೇ ಎಳ್ಕೊಂಡಿರ್ತಾರೆ ಅಂದ್ಕೊಂಡಿದ್ದೆ."



ಆಮೇಲಿನ ಸಂಜೆಗಳೆಲ್ಲ ಹಾಗೇ ಆದವು. ನಾನು ಪುಸ್ತಕ ತೆರೆಯುವ ಮೊದಲೇ ಸರೋಜಕ್ಕ ಕಥೆ ಹೇಳಿಬಿಡುತ್ತಿದ್ದರು. ಒಂದು ಹೆಸರೂ ತಪ್ಪುತ್ತಿರಲಿಲ್ಲ. ನಾನು ಓದುವುದು ಎರಡನೆಯ ಸಲದ ಓದಾಗಿಬಿಟ್ಟಿತ್ತು. (ಬೇರೆ ಯಾರಾದರೂ ಆಗಿದ್ದರೆ ಹೋಗುವುದನ್ನೇ ಬಿಡುತ್ತಿದ್ದರೇನೋ. ನನಗೆ ಮುಗಿಸುವ ಚಾಳಿ.)

ಮಂಗಳವಾರ ರಜೆ ಹಾಕಿದೆ. ಉರಿಬಿಸಿಲಿನ ಮಧ್ಯಾಹ್ನ, ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಪುಸ್ತಕ ಹಿಡಿದು ಸರೋಜಕ್ಕನ ಬಾಗಿಲು ತಟ್ಟಿ ಕೂಗಿದೆ. ಒಳಗೆ ಅವರು ತಡವರಿಸಿಕೊಂಡು ಬಂದದ್ದು, ಚಿಲಕ ಸರಿಸಿದ್ದು ಕೇಳಿಸಿತು. ಬಾಗಿಲು ತೆರೆಯಿತು.

"ಆಚೆ ಯಾವಾಗ ಎದ್ದೋದೆ? ಈಗಿನ್ನೂ ಇಲ್ಲೇ ಕುಂತು ಕೊನೇದ್ನ ಓದಕ್ಕೆ ಶುರು ಮಾಡಿದ್ಯಲ್ಲ," ಅಂದರು ಸರೋಜಕ್ಕ.

ಅವರ ಹೆಗಲ ಮೇಲಿಂದ ಒಳಗೆ ನೋಡಿದೆ. ಮಂಚದ ಪಕ್ಕ ಕುರ್ಚಿ. ಮನೆಗೆ ಇರುವುದು ಅದೊಂದೇ ಬಾಗಿಲು.

ಅವರನ್ನು ಮಂಚದ ಮೇಲೆ ಕೂರಿಸಿ, ಕೈ ಹಿಡಿದುಕೊಂಡು ಇದ್ದದ್ದನ್ನು ಹೇಳಿದೆ. ಮಧ್ಯಾಹ್ನ ಬರುವವಳು ನಾನಲ್ಲ, ಒಂದು ದಿನವೂ ನಾನು ಬಂದಿಲ್ಲ ಅಂದೆ.

"ನಂಗೂ ಅನುಮಾನ ಇತ್ತು ಕಣವ್ವ. ದನಿ ನಿಂದೇ. ಪುಟ ತಿರುಗ್ಸೋದು ಮಾತ್ರ ನಿಂದಲ್ಲ. ಬೆರಳ್ಗೆ ಎಂಜಲಚ್ಚಿ ತಿರುಗ್ಸೋ ಸದ್ದು. ನಮ್ ಜಯಿ ಅಂಗೇ ತಿರುಗ್ಸೋಳು."

ನನಗೆ ಇದನ್ನು ಇಲ್ಲಿಗೇ ಮುಗಿಸಿಬಿಡಬೇಕು ಅನ್ನಿಸಿತು. ಇರುವುದೊಂದು ಅಧ್ಯಾಯ. ಓದಿಬಿಟ್ಟರೆ ಎಲ್ಲವೂ ನಿಂತೀತು. ಪುಸ್ತಕ ತೆರೆದೆ. ಸರೋಜಕ್ಕ ತಡಕಾಡಿ, ನನ್ನ ಬೆರಳಿನ ಮೇಲೆಯೇ ಅದನ್ನು ಮುಚ್ಚಿದರು.

"ಬ್ಯಾಡ. ಇದು ಮುಗುದ್ರೆ ಅವ್ಳು ಬರಕ್ಕೆ ನೆಪ ಏನಿರ್ತದೆ?"

"ಭಯ ಆಗಲ್ವಾ ಸರೋಜಕ್ಕ?"

"ಇಬ್ರೂ ಒಂದೇ ತಟ್ಟೇಲಿ ಉಂಡು ಬೆಳ್ದೋರು ಕಣವ್ವ. ಅವ್ಳಿಗ್ಯಾಕೆ ಎದ್ರಲಿ? ನೀನು ಎದರ್ಕೋಬ್ಯಾಡ."

ನಾವು ಎಲ್ಲವನ್ನೂ ಮುಗಿಸುವ ಅವಸರದವರು. ಫೋನಿನಲ್ಲಿ ಮಾತು ಶುರುವಾಗುವ ಮೊದಲೇ ಇಡಲಾ ಅನ್ನುತ್ತೇವೆ. ತಿಥಿ ಊಟವನ್ನೂ ವಾಚು ನೋಡಿಕೊಂಡೇ ಉಣ್ಣುತ್ತೇವೆ. ಮುಗಿಸದೆ ಇಟ್ಟುಕೊಳ್ಳುವುದರಲ್ಲೂ ಒಂದು ಆಸೆ ಇರುತ್ತದೆ ಅಂತ ನನಗೆ ಹೊಳೆದಿರಲೇ ಇಲ್ಲ. ಗೌರಿಗೆ ಕೊನೆಗೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಪುಸ್ತಕವನ್ನು ಸರೋಜಕ್ಕನ ಮಂಚದ ಮೇಲೇ ಬಿಟ್ಟು ಬಂದೆ.

ಸಂಜೆ ಈಗಲೂ ಹೋಗುತ್ತೇನೆ, ಸುಮ್ಮನೆ ಹರಟೆಗೆ. ನಿನ್ನೆ ತಡೆಯಲಾರದೆ ಕೇಳಿದೆ, ಮಧ್ಯಾಹ್ನ ಈಗಲೂ ಬರುತ್ತಾರಾ ಅಂತ.

"ಬತ್ತಾಳೆ," ಅಂದರು ಸರೋಜಕ್ಕ. "ಮೊದ್ಲಿಂದ ಮತ್ತೆ ಶುರು ಮಾಡವ್ಳೆ. ಕೊನೇದ್ ಬ್ಯಾಡ ಅಂತ ನಾನ್ ಏಳಕ್ ಮುಂಚೆ ಅವ್ಳೇ ಬ್ಯಾಡ ಅಂದ್ಲು."

ಈಗ ಹೇಳಿ, ಆ ಪುಸ್ತಕವನ್ನು ಮುಗಿಸದೆ ಬಿಟ್ಟವರು ನಾವಿಬ್ಬರೋ, ಮೂವರೋ?