ಹುಚ್ಚಮ್ಮನ ಗಂಗಳ

ಹುಚ್ಚಮ್ಮ ಎಂದು ಹೆಸರಿಟ್ಟವರು ಯಾರೋ ಏನೋ, ಕೊಟ್ಟಿಗೆಹಾರದ ಸುತ್ತಿನ ಕಾಫಿ ತೋಟಗಳಲ್ಲಿ ಅವಳಷ್ಟು ತಲೆ ನೆಟ್ಟಗಿದ್ದ ಹೆಂಗಸು ಇನ್ನೊಬ್ಬಳು ಇರಲಿಲ್ಲ. ಅವಳು ಸೂಲಗಿತ್ತಿ. ಮೈಸೂರಿನಲ್ಲಿ ಮಹಾರಾಜರು, ತೋಟದಲ್ಲಿ ಬಿಳಿ ದೊರೆ ಆಳುತ್ತಿದ್ದ ಕಾಲ ಅದು. ದೊರೆಯ ಬಂಗಲೆಗೆ ಡಾಕ್ಟರು ಕುದುರೆ ಮೇಲೆ ಬರುತ್ತಿದ್ದರು. ಕೂಲಿಗಳ ಲೈನಿಗೆ, ಅಂದರೆ ಸಾಲಾಗಿ ಕಟ್ಟಿದ ಆ ಒಂದೊಂದು ಕೋಣೆಯ ಮನೆಗಳಿಗೆ, ಹುಚ್ಚಮ್ಮನೇ ಡಾಕ್ಟರು.

ಹೆರಿಗೆಗೆ ಹೋಗುವಾಗ ಅವಳ ಕಂಕುಳಲ್ಲಿ ಒಂದು ಕಂಚಿನ ಗಂಗಳ, ಅಂದರೆ ಅಗಲದ ಊಟದ ತಟ್ಟೆ, ಇರುತ್ತಿತ್ತು. ಮಗು ಹೊರಗೆ ಬಂದ ಮಾತ್ರಕ್ಕೆ ಅವಳು ಹುಟ್ಟಿತು ಅನ್ನುವವಳಲ್ಲ. ಬಾಗಿಲಾಚೆ ನಿಂತ ಗಂಡ ಎಷ್ಟು ಚಡಪಡಿಸಿದರೂ ತುಟಿ ಬಿಚ್ಚುತ್ತಿರಲಿಲ್ಲ. ಮಗು ಅಳಬೇಕು. ಅತ್ತ ಮೇಲೆ ಗಂಗಳ ತೆಗೆದು ಮರದ ಸೌಟಿನಿಂದ ಬಡಿಯುತ್ತಿದ್ದಳು. ಆ ಸದ್ದಿಗೆ ಲೈನಿನ ಹೆಂಗಸರು ಇದ್ದಲ್ಲಿಂದಲೇ "ಯಾರಿಗೆ ಮಗು?" ಎಂದು ಕೂಗುತ್ತಿದ್ದರು. ಹುಚ್ಚಮ್ಮ ತಾಯಿಯ ಹೆಸರು ಹೇಳುತ್ತಿದ್ದಳು. ಆಮೇಲೆ ಬೆಲ್ಲ ಹಂಚುವವರು ಬೆಲ್ಲ ಹಂಚಬಹುದು, ಹೆಣ್ಣಾಯಿತೆಂದು ಮುಖ ಸಿಂಡರಿಸುವವರು ಸಿಂಡರಿಸಬಹುದು.

ಸಾಯುವವರೆಗೂ ಅವಳು ಕ್ರೈಸ್ತಳಾಗಲಿಲ್ಲ. ಆದರೂ ಆ ಕಡೆಯ ಉಪದೇಶಿಗಳು ಮರುಹುಟ್ಟಿನ ಮಾತು ಬಂದಾಗಲೆಲ್ಲ ಅವಳ ಹೆಸರು ಎತ್ತುತ್ತಿದ್ದರು. ಅದಕ್ಕೆ ಕಾರಣ ಅವಳ ಮಗ.

ಶೇಷಪ್ಪ ಅವಳ ಒಬ್ಬನೇ ಮಗ, ತೋಟದ ಮೇಸ್ತ್ರಿ. ಆಳುಗಳನ್ನು ಕೆಲಸಕ್ಕೆ ಹಚ್ಚುವುದು, ನಿಂತವರಿಗೆ ಬೆತ್ತ ತೋರಿಸುವುದು ಅವನ ಉದ್ಯೋಗ. ಬೆತ್ತದ ಕೆಲಸವನ್ನು ಅವನು ಸಂಬಳವಿಲ್ಲದೆಯೂ ಮಾಡುತ್ತಿದ್ದನೇನೋ, ಅಷ್ಟು ಪ್ರೀತಿಯಿಂದ ಮಾಡುತ್ತಿದ್ದ. ಸಂಜೆಯಾದರೆ ಸಾರಾಯಿ. ಹೆಂಡತಿ ನಂಜಮ್ಮ ಪಕ್ಕದ ಜಾವಳಿ ಊರಿನವಳು, ಬಾಯಿ ಮುಚ್ಚಿಕೊಂಡು ಬಾಳುವ ಜಾತಿಯಲ್ಲ. ತುಂಬು ಬಸುರಿಯಾಗಿದ್ದಾಗ ಒಂದು ಸಂಜೆ "ಇವತ್ತೂ ಕುಡ್ಕೊಂಡು ಬಂದ್ರಾ" ಅಂದದ್ದಷ್ಟೇ. ಆ ಪಾಪಿ ಹೊಟ್ಟೆಗೇ ಒದ್ದ.

ಮಗು ಹುಚ್ಚಮ್ಮನ ಕೈಗೇ ಬಂತು. ಗಂಡು. ಬೆನ್ನಿಗೆ ತಟ್ಟಿದಳು, ಅಂಗಾಲಿಗೆ ಹೊಡೆದಳು, ಬಾಯಿಗೆ ಬಾಯಿಟ್ಟು ಊದಿದಳು. ಅಳಲಿಲ್ಲ. ನಂಜಮ್ಮನಿಗೆ ಎಚ್ಚರವಿಲ್ಲದಿದ್ದಾಗಲೇ ಹಳೆ ಸೀರೆಯಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿ ಬಂದಳು. ಕೇಳಿದವರಿಗೆ "ಬಚ್ಚಲಲ್ಲಿ ಜಾರಿ ಬಿದ್ಲು ಕಣವ್ವ" ಅಂದಳು. ಊರಿನ ಮಕ್ಕಳ ವಿಷಯದಲ್ಲಿ ಒಂದು ಸುಳ್ಳೂ ಆಡದವಳು ತನ್ನ ಮಗನಿಗಾಗಿ ಆಡಿಬಿಟ್ಟಳು. ನಂಜಮ್ಮ ಎದ್ದು ಓಡಾಡುವಂತಾದ ಕೂಡಲೇ ತವರಿಗೆ ಹೊರಟು ನಿಂತಳು. ಹೋಗುವಾಗ ಕೇಳಿದ್ದು ಒಂದೇ ಮಾತು, "ಎಲ್ಲಿ ಇಟ್ರಿ ಅತ್ತೆ?" ಹುಚ್ಚಮ್ಮ ಹೇಳಲಿಲ್ಲ. ಹೇಳಿದರೆ ಅಲ್ಲಿ ಹೋಗಿ ಅಳುತ್ತಾಳೆ, ಅತ್ತರೆ ಒದ್ದದ್ದೂ ಬಾಯಿಗೆ ಬಂದು ಲೈನಿಗೆಲ್ಲ ನಿಜ ಗೊತ್ತಾಗುತ್ತದೆ. ಗಂಗಳ ಗೂಟಕ್ಕೆ ನೇತುಬಿದ್ದಿತ್ತು. ಮುದುಕಿ ಅದರ ಕಡೆ ನೋಡದೆ ಓಡಾಡುತ್ತಿದ್ದಳು.

ಮುಂದಿನ ಮಳೆಗಾಲ ಶೇಷಪ್ಪನಿಗೆ ಮಲೆನಾಡಿನ ಜ್ವರ ಬಂತು. ಮೇಸ್ತ್ರಿ ಮಲಗಿದ ಅಂದರೆ ಲೈನಿನಲ್ಲಿ ಅಳುವವರು ಯಾರು? ಹತ್ತಿರ ಬಂದವನು ಜ್ಞಾನಪ್ಪ ಒಬ್ಬನೇ. ಕೊಟ್ಟಿಗೆಹಾರದಲ್ಲಿ ಒಂದು ಹುಲ್ಲಿನ ಮಾಡಿನ ಕೆಳಗೆ ಪ್ರಾರ್ಥನೆ ನಡೆಸುತ್ತ, ಯೇಸುಸ್ವಾಮಿಯ ಕಥೆ ಹೇಳಿಕೊಂಡು ತೋಟದಿಂದ ತೋಟಕ್ಕೆ ನಡೆಯುತ್ತಿದ್ದ ಉಪದೇಶಿ ಅವನು. ಕ್ವಿನೈನು ಕುಡಿಸಿದ, ವಾಂತಿ ಬಾಚಿದ, ಹಿಂದೊಮ್ಮೆ ಇದೇ ಶೇಷಪ್ಪನಿಂದ ಬೆತ್ತದ ಏಟು ತಿಂದಿದ್ದನ್ನು ಬಾಯಿತಪ್ಪಿಯೂ ಆಡಲಿಲ್ಲ. ಜ್ವರ ಬಿಟ್ಟ ಶೇಷಪ್ಪ ಅವನ ಹಿಂದೆ ಹೋಗತೊಡಗಿದ. ಸಾರಾಯಿ ಬಿಟ್ಟ. ಬೆತ್ತ ಮುರಿದು ಒಲೆಗಿಟ್ಟ. ಸುಗ್ಗಿ ಮುಗಿದು ಕಾಫಿ ಗಿಡಗಳು ಹೂಬಿಟ್ಟ ಹೊತ್ತಿಗೆ ಚಿಕ್ಕಮಗಳೂರಿನಿಂದ ಪಾದ್ರಿಗಳು ಬಂದು ಹಳ್ಳದ ನೀರಿನಲ್ಲಿ ಅವನಿಗೆ ದೀಕ್ಷಾಸ್ನಾನ ಕೊಟ್ಟರು.

ಬಿಳಿ ಅಂಗಿ ಹಾಕಿಕೊಂಡು ಮನೆಗೆ ಬಂದವನು, "ಅವ್ವ, ನಾನು ಮತ್ತೆ ಹುಟ್ಟಿದೀನಿ. ಹಳೆ ಶೇಷಪ್ಪ ಸತ್ತ" ಅಂದ.

ಹುಚ್ಚಮ್ಮ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಹುಟ್ಟಿನ ವಿಷಯ ಬೇರೆ ಯಾರಾದರೂ ಹೇಳಿದ್ದರೆ ಗದರಿಸಿ ಕಳಿಸುತ್ತಿದ್ದಳು. ಆದರೆ ಮಗನ ಬಾಯಿಂದ ಸಾರಾಯಿ ವಾಸನೆ ಇಲ್ಲದ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಹಿಂದೆ ನಿಂತಿದ್ದ ಜ್ಞಾನಪ್ಪನನ್ನು ಕೇಳಿದಳು.

"ಏನಪ್ಪ ಉಪದೇಶಿ, ಮೀಸೆ ಬಂದೋನು ಮತ್ತೆ ಹೆಂಗೆ ಹುಟ್ತಾನೆ? ನನ್ನ ಹೊಟ್ಟೆಗೆ ತಿರುಗಿ ಹೋಗ್ತಾನಾ?"

ಜ್ಞಾನಪ್ಪ ನಗಲಿಲ್ಲ. "ಇಲ್ಲಮ್ಮ. ಪಾಪ ಮಾಡಿದ ಮನುಷ್ಯ ಒಳಗೇ ಸತ್ತಿರ್ತಾನೆ. ದೇವರು ಅವನೊಳಗೆ ಹೊಸ ಜೀವ ಇಡ್ತಾನೆ. ಬುದ್ಧಿ ತಿದ್ಕೊಳ್ಳೋದಲ್ಲ, ಹೊಸದಾಗಿ ಬದುಕೋದು. ಅದನ್ನ ನಾವು ಮರುಹುಟ್ಟು ಅಂತೀವಿ."

"ಹೆರೋರು ಯಾರು?"

"ದೇವರ ಆತ್ಮ. ಯಾವ ಮಗೂನೂ ತನ್ನನ್ನ ತಾನೇ ಹೆರೋಕಾಗಲ್ಲವಲ್ಲ."

"ಅದು ಸರಿ. ಮತ್ತೆ ಆ ಹಳ್ಳದ ನೀರು?"

"ನೀರು ಗುರುತು. ಪಾದ್ರಿಗಳು ನೀರು ಹಾಕ್ತಾರೆ. ಹುಟ್ಟಿಸೋದು ಅವರ ಕೈಲಿಲ್ಲ."

ಸುದ್ದಿ ಕುಲದವರಿಗೆ ಮುಟ್ಟಲು ತಡವಾಗಲಿಲ್ಲ. ಯಜಮಾನ ಗುರುವಯ್ಯ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಹೊಸ ಮಡಕೆ. ಕುಲ ಬಿಟ್ಟು ಹೋದವನು ಸತ್ತವನಿಗೆ ಸಮ. ಅವನ ಹೆಸರು ಹೇಳಿ ಮಡಕೆ ಒಡೆದು, ತಲೆ ಮೇಲೆ ನೀರು ಹೊಯ್ದುಕೊಂಡು, ಅಂದಿನಿಂದ ಅವನ ಮುಖ ನೋಡಬಾರದು. ಒಡೆಯದವರು ತಾವೂ ಕುಲದಿಂದ ಹೊರಗೆ. ಹೊರಗಾದ ಸೂಲಗಿತ್ತಿಯನ್ನು ಯಾವ ಮನೆಯವರೂ ಹೆರಿಗೆಗೆ ಕರೆಯುವುದಿಲ್ಲ. ಮಗ ಬೇಕೋ, ಜೀವಮಾನದ ಕೆಲಸ ಬೇಕೋ ಎಂದು ಹುಚ್ಚಮ್ಮನ ಮುಂದೆ ಮಡಕೆ ಇಟ್ಟ ಹಾಗಾಯಿತು.

"ಒಡಿ ಹುಚ್ಚಮ್ಮ. ನಮಗೂ ಸಂತೋಷದ ಕೆಲಸ ಅಲ್ಲ ಇದು," ಅಂದ ಗುರುವಯ್ಯ. ಮನುಷ್ಯ ಕೆಟ್ಟವನಲ್ಲ, ಅವನ ಮೂರೂ ಮಕ್ಕಳು ಹುಚ್ಚಮ್ಮನ ಕೈಯಲ್ಲೇ ಹುಟ್ಟಿದ್ದವು.

ಹುಚ್ಚಮ್ಮ ಬಾಗಿಲಿಗೆ ಅಡ್ಡ ನಿಂತಳು. "ಒಳಗೆ ಕಾಲಿಡಬೇಡಿ. ಮನೇಲಿ ಪುರುಡು ಐತೆ."

ಹೆರಿಗೆಯಾದ ಮನೆಯ ಮೈಲಿಗೆಗೆ ಪುರುಡು ಎನ್ನುತ್ತಾರೆ. ಅದು ಕಳೆಯುವ ತನಕ ಆ ಮನೆಯಲ್ಲಿ ಹಬ್ಬವೂ ಇಲ್ಲ, ತಿಥಿಯೂ ಇಲ್ಲ. ಆದರೆ ಆ ಮನೆಯಲ್ಲಿ ಬಸುರಿಯರೇ ಇರಲಿಲ್ಲವಲ್ಲ.

"ಯಾರು ಹೆತ್ತರು?" ಎಂದ ಗುರುವಯ್ಯ.

"ನನ್ನ ಮಗ ಹುಟ್ಟಿದಾನೆ. ಅವನೇ ಹೇಳ್ತಾನೆ, ಉಪದೇಶಿನೂ ಹೇಳ್ತಾನೆ. ನೀವು ಸತ್ತ ಅಂತೀರಿ. ಹುಟ್ಟಿದ ಮನೇಲಿ ಸಾವಿನ ಮಡಕೆ ಒಡೆಯೋ ಪದ್ಧತಿ ಯಾವ ಕುಲದಲ್ಲೈತೆ, ನೀವೇ ಹೇಳಿ."

ಒಬ್ಬ ನಕ್ಕ. ಗುರುವಯ್ಯ ಅವನನ್ನು ಕಣ್ಣಲ್ಲೇ ಗದರಿಸಿ ಹುಚ್ಚಮ್ಮನ ಕಡೆ ತಿರುಗಿದ.

"ಆಗ್ಲಿ. ಪುರುಡು ಕಳೆದ ದಿನ ಬತ್ತೀವಿ. ನೀನು ಇವತ್ತಿನವರೆಗೆ ಸುಳ್ಳು ಗಂಗಳ ಬಡಿದೋಳಲ್ಲ. ಅವನು ಹುಟ್ಟಿದ್ದು ನಿಜ ಆದ್ರೆ ನಮ್ಮೆದುರಿಗೆ ಬಡಿ, ಮಡಕೆ ಎತ್ಕೊಂಡು ಹೋಗ್ತೀವಿ. ಬಡೀಲಿಲ್ವಾ, ಮಡಕೆ ನೀನೇ ಒಡೀಬೇಕು."

ಹುಚ್ಚಮ್ಮ ಬಾಗಿಲಿಗೆ ಲಕ್ಕಿ ಸೊಪ್ಪು ಕಟ್ಟಿದಳು, ಹೊಸ್ತಿಲ ಬಳಿ ಕತ್ತಿ ಇಟ್ಟಳು, ದೇವರ ಗೂಡಿಗೆ ಬಟ್ಟೆ ಇಳಿಬಿಟ್ಟಳು. ಮಗನನ್ನು ಬಚ್ಚಲಲ್ಲಿ ಕೂರಿಸಿ ಸೊಪ್ಪು ಕುದಿಸಿದ ಬಿಸಿನೀರು ಹೊಯ್ದಳು. ಲೈನಿನವರು ಬಾಯಿಗೆ ಸೆರಗು ಹಿಡಿದು ನಕ್ಕರು. ಶೇಷಪ್ಪನಿಗೆ ನಾಚಿಕೆ. ಆದರೂ ಹೊರಗೆ ಹೋದರೆ ಎದೆ ಸೆಟೆದು, "ನಾನು ರಕ್ಷಣೆ ಹೊಂದಿದೋನು, ನೀವು ಕತ್ತಲೇಲಿದೀರಿ" ಎಂದು ಆಳುಗಳಿಗೆ ಹೇಳುತ್ತಿದ್ದ. ಮೊದಲು ಬೆತ್ತದಲ್ಲಿ ಹೊಡೆಯುತ್ತಿದ್ದವನು ಈಗ ಬಾಯಲ್ಲಿ ಹೊಡೆಯುತ್ತಾನೆ ಎಂದು ಆಳು ಕೆಂಪಯ್ಯ ಅಂದದ್ದು ಮುದುಕಿಯ ಕಿವಿಗೂ ಬಿತ್ತು.

ಒಂದು ದಿನ ನೀರು ಹೊಯ್ಯುತ್ತ ಕೇಳಿದಳು, "ನಂಜೀನ ನೋಡೋಕೆ ಹೋಗಲ್ವಾ?"

"ಯಾಕವ್ವ?"

"ಯಾಕಾ? ಆ ಮಗು..."

"ಅದು ಹಳೆ ಶೇಷಪ್ಪ ಮಾಡಿದ್ದು. ಅವನು ಹಳ್ಳದಲ್ಲೇ ಸತ್ತ. ಸತ್ತೋನನ್ನ ಈಗ ಏನು ಕೇಳ್ತೀಯ?"

ಹುಚ್ಚಮ್ಮ ತಂಬಿಗೆ ಕೆಳಗಿಟ್ಟಳು. ಹಿರಿಯರು ಮಗನನ್ನು ಸತ್ತವನೆಂದಾಗ ಅವಳಿಗೆ ಕೋಪ ಬಂದಿತ್ತು. ಮಗ ತನ್ನನ್ನು ತಾನೇ ಸತ್ತೆ ಎಂದು ಹೇಳಿಕೊಂಡು ಅದರ ಹಿಂದೆ ಅಡಗಿ ಕೂತದ್ದು ಕಂಡು ಭಯವಾಯಿತು. ಮಗು ಹೊರಗೆ ಬಂದಿದೆ, ಮೈ ತೊಳೆದಿದೆ, ಬಿಳಿ ಬಟ್ಟೆ ಸುತ್ತಿದೆ, ಅತ್ತಿಲ್ಲ.

ಆ ಮಧ್ಯಾಹ್ನವೇ ಜ್ಞಾನಪ್ಪನ ಹುಲ್ಲಿನ ಮಾಡಿಗೆ ಹೋದಳು. ಯಾರಿಗೂ ಹೇಳದ್ದನ್ನು, ಒದ್ದದ್ದನ್ನೂ ತಾನು ಮುಚ್ಚಿದ್ದನ್ನೂ ಸೇರಿಸಿ, ಅವನಿಗೆ ಹೇಳಿದಳು.

"ನನ್ನ ಹತ್ರ ಅವನು ಇದನ್ನ ಹೇಳಲಿಲ್ಲ," ಅಂದ ಜ್ಞಾನಪ್ಪ. "ಕುಡಿತ ಹೇಳಿದ, ಬೆತ್ತ ಹೇಳಿದ. ಇದನ್ನ ಬಚ್ಚಿಟ್ಟ. ಹಳಬ ಸತ್ತಿಲ್ಲಮ್ಮ. ಸತ್ತಿದ್ರೆ ಬಚ್ಚಿಡೋಕೆ ಅವನ ಹತ್ರ ಏನಿರ್ತಿತ್ತು?"

"ಹಂಗಾದ್ರೆ ಹುಟ್ಟೇ ಇಲ್ವಾ? ಮಡಕೆ ಒಡೆದುಬಿಡ್ಲಾ?"

"ಹುಟ್ಟಿಸೋನು ಕೈ ಬಿಟ್ಟಿಲ್ಲ. ಅಳದ ಮಗು ಬಂದ್ರೆ ನೀವು ಏನು ಮಾಡ್ತೀರಿ?"

"ಬೆನ್ನಿಗೆ ಹೊಡೀತೀನಿ."

"ಕೈ ನಡುಗಲ್ವಾ?"

"ನಡುಗ್ತದೆ," ಅಂದಳು ಹುಚ್ಚಮ್ಮ. ಎದ್ದು ಜಾವಳಿಯ ದಾರಿ ಹಿಡಿದಳು.

ನಂಜಮ್ಮ ಅಣ್ಣನ ಗದ್ದೆಯ ಬದುವಿನಲ್ಲಿ ದನಕ್ಕೆ ಹುಲ್ಲು ಕೊಯ್ಯುತ್ತಿದ್ದಳು. ಅತ್ತೆಯನ್ನು ಕಂಡು ತಲೆ ಎತ್ತಲಿಲ್ಲ. ಹುಚ್ಚಮ್ಮ ಬದುವಿನ ಮೇಲೆಯೇ ಕುಕ್ಕರಿಸಿದಳು.

"ನೀನು ಜಾರಿ ಬಿದ್ದೆ ಅಂತ ಊರಿಗೆಲ್ಲ ಹೇಳಿದೋಳು ನಾನು ನಂಜಿ. ನನ್ನ ಮಗನ್ನ ಉಳಿಸ್ಕೊಳ್ಳೋಕೆ ನಿನ್ನ ಬಾಯಿಗೆ ಮಣ್ಣು ಹಾಕಿದೆ. ಎಲ್ಲಿ ಇಟ್ಟೆ ಅಂತ ತೋರಿಸ್ತೀನಿ. ಬಾ ತಾಯಿ."

ನಂಜಮ್ಮ ಕೈಯ ಕುಡುಗೋಲು ಕೆಳಗಿಟ್ಟಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. "ಅವರಿಗೋಸ್ಕರ ಬರಲ್ಲ. ನನ್ನ ಮಗೂನ ನೋಡೋಕೆ ಬತ್ತೀನಿ," ಅಂದಳು.

ಪುರುಡು ಕಳೆಯುವ ದಿನ ಬೆಳಿಗ್ಗೆ ಗುರುವಯ್ಯನವರು ಲೈನಿನ ಅಂಗಳದಲ್ಲಿ ಬಂದು ಕೂತರು. ಮಡಕೆ ಅವರ ಮುಂದೆ. ಜ್ಞಾನಪ್ಪ ಸ್ವಲ್ಪ ದೂರದಲ್ಲಿ ತಲೆತಗ್ಗಿಸಿ ನಿಂತಿದ್ದ, ತುಟಿ ಅಲುಗುತ್ತಿತ್ತು. ಶೇಷಪ್ಪ ಬಿಳಿ ಅಂಗಿ ತೊಟ್ಟು ಧೈರ್ಯವಾಗಿಯೇ ಹೊರಗೆ ಬಂದ. "ಬಡಿ ಅವ್ವ. ಇವರೂ ಕೇಳ್ಲಿ," ಅಂದ.

ಹುಚ್ಚಮ್ಮ ಗಂಗಳ ಎತ್ತಿಕೊಳ್ಳಲಿಲ್ಲ. ಒಂದು ಸಲ ಬಡಿದರೆ ಸಾಕಿತ್ತು. ಮಗನೂ ಉಳಿಯುತ್ತಿದ್ದ, ಕುಲವೂ ಉಳಿಯುತ್ತಿತ್ತು. ಅವಳು ಮಗನ ಕೈ ಹಿಡಿದು ಮನೆಯ ಹಿಂದಿನ ಹಲಸಿನ ಮರದ ಕಡೆಗೆ ನಡೆದಳು. ಏನೆಂದು ತಿಳಿಯದೆ ಹಿರಿಯರೂ ಎದ್ದು ಹಿಂದೆ ಬಂದರು.

ಮರದ ಬುಡದಲ್ಲಿ ಮೂರು ಕಲ್ಲು ಇಟ್ಟ ಜಾಗದ ಮುಂದೆ ನಂಜಮ್ಮ ಕೂತಿದ್ದಳು. ಆಗಲೇ ಬಂದು ಕಳೆ ಕಿತ್ತು ನೆಲ ಸಾರಿಸಿದ್ದಳು. ಕೈಯಲ್ಲಿ ಇನ್ನೂ ಮಣ್ಣಿತ್ತು. ಗಂಡನನ್ನು ನೋಡಿ ಎದ್ದು ನಿಂತಳು.

"ನಿಮ್ಮ ಹಳೆ ಮನುಷ್ಯ ಸತ್ತನಂತೆ, ನೀವು ಮತ್ತೆ ಹುಟ್ಟಿದ್ರಂತೆ. ಒಳ್ಳೇದಾಯ್ತು," ಅಂದಳು ಮೆಲ್ಲಗೆ. "ಇವನು ಒಂದು ಸಲಾನೂ ಹುಟ್ಟಲಿಲ್ಲವಲ್ಲ. ಇವನಿಗೆ ಏನು ಹೇಳ್ತೀರಿ?"

ಶೇಷಪ್ಪ ಬಾಯಿ ತೆರೆದ. ಹಳಬ, ಹೊಸಬ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತೇನೋ, ಹೊರಗೆ ಬರಲಿಲ್ಲ. ಮೂರು ಕಲ್ಲುಗಳನ್ನು ನೋಡಿದ. ನಂಜಮ್ಮನ ಮಣ್ಣಿನ ಕೈ ನೋಡಿದ. ತಾಯಿಯ ಕಡೆ ತಿರುಗಿದ. ಚಿಕ್ಕಂದಿನಿಂದ ಅವನ ಎಲ್ಲ ತಪ್ಪಿಗೂ ಸೆರಗು ಹೊದಿಸಿದ ತಾಯಿ ಈ ಸಲ ಸುಮ್ಮನೆ ನಿಂತಿದ್ದಳು. ಅವಳ ಕೈ ಮಾತ್ರ ನಡುಗುತ್ತಿತ್ತು.

ಅವನು ಕಲ್ಲುಗಳ ಮುಂದೆ ಕೂತ. ಹಿರಿಯರ ಕಡೆಗೆ ತಿರುಗಿ, "ಜಾರಿ ಬಿದ್ದಿದ್ದಲ್ಲ. ನಾನು ಒದ್ದೆ," ಅಂದ. "ಬೇರೆ ಯಾವನೂ ಅಲ್ಲ. ನಾನೇ. ನನ್ನ ಮಗನ್ನ ನಾನೇ ಕೊಂದೆ." ಆ ಕಲ್ಲುಗಳ ಮೇಲೆ ಹಣೆಯಿಟ್ಟ. ಮೊದಲು ಸದ್ದೇ ಇರಲಿಲ್ಲ, ಬೆನ್ನು ಅದುರುತ್ತಿತ್ತು ಅಷ್ಟೇ. ಆಮೇಲೆ ಅಳು ಬಂತು. ಗಂಡಸರು ನಾಚಿಕೆಗೆ ತಡೆದು ತಡೆದು ಅಳುವ ಅಳು ಅಲ್ಲ. ಬಾಯಿಬಿಟ್ಟು, ಉಸಿರು ಕಟ್ಟಿ, ಬಿಕ್ಕಿ, ಮತ್ತೆ ಬಾಯಿಬಿಟ್ಟು. "ಸ್ವಾಮಿ, ನನ್ನ ಕೈ ಬಿಡಬೇಡ" ಎನ್ನುತ್ತಿದ್ದ, ಅಷ್ಟು ಬಿಟ್ಟರೆ ಬೇರೆ ಮಾತಿಲ್ಲ. ಬಿಳಿ ಅಂಗಿಯ ತುಂಬ ಮಣ್ಣಾಯಿತು.

ನಂಜಮ್ಮ ಅವನನ್ನು ಮುಟ್ಟಲಿಲ್ಲ. ಆದರೆ ಬಿಟ್ಟು ಹೋಗಲೂ ಇಲ್ಲ. ಕಲ್ಲುಗಳ ಈಚೆ ಬದಿಯಲ್ಲಿ ಕೂತು ತಾನೂ ಅಳತೊಡಗಿದಳು. ಅಷ್ಟು ದಿನ ಅಳಲು ಒಂದು ಜಾಗವಿಲ್ಲದೆ ಉಳಿದ ಅಳು ಅದು. ಜ್ಞಾನಪ್ಪ ನೆಲದ ಮೇಲೆ ಮಂಡಿಯೂರಿದ್ದ.

ಹುಚ್ಚಮ್ಮ ಕಿವಿಗೊಟ್ಟು ನಿಂತಿದ್ದಳು. ಜೀವಮಾನವಿಡೀ ಬಾಣಂತಿ ಕೋಣೆಗಳಲ್ಲಿ ನಿಂತು ಕೇಳಿದ ಹಾಗೆಯೇ. ಆಮೇಲೆ ಆತುರಪಡದೆ ಮನೆಯೊಳಗೆ ಹೋದಳು. ಗೂಟದಿಂದ ಗಂಗಳ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಅಂಗಳಕ್ಕೆ ಬಂದು ಬಡಿದಳು. ಕಂಚಿನ ಸದ್ದು ಕಾಫಿ ಗಿಡಗಳ ಮೇಲೆ ಹಾದು ಕಣಿವೆಯವರೆಗೆ ಹೋಯಿತು. ಗುರುವಯ್ಯ ಬಂದು ಬಗ್ಗಿ, ಒಡೆಯದ ಮಡಕೆಯನ್ನು ಎತ್ತಿಕೊಂಡ.

ಕೆಳಗಿನ ಲೈನಿನಿಂದ, ಇದಾವುದೂ ಗೊತ್ತಿಲ್ಲದ ಪಾಪಮ್ಮ ಎಂದಿನ ಹಾಗೆ ಕೂಗಿದಳು, "ಯಾರಿಗೆ ಮಗು ಹುಚ್ಚಮ್ಮ?"

ಮುದುಕಿ ಕಣ್ಣೊರೆಸಿಕೊಂಡು ಕೂಗಿ ಹೇಳಿದಳು, "ನಂಗೇ ಕಣವ್ವ."